ಚೆಂಡುಹೂವಿನ ಜಾತಿಗಳ ಆಯ್ಕೆ: ಹಿತ್ತಿಲಿನ ಬಣ್ಣಕ್ಕೂ, ಬೇರುಗಂಟು ಮತ್ತು ಕಾಯಿಕೊರಕಗಳ ಹತೋಟಿಗೂ

ದೊಡ್ಡಆಲಹಳ್ಳಿ ಮತ್ತು ಅದರ ಸುತ್ತಲ ಗ್ರಾಮಗಳ ಹಿಡುವಳಿದಾರರಿಗೂ ಊರಿನ ಯಜಮಾನರಿಗೂ ತಿಳಿಯಪಡಿಸುವುದೇನೆಂದರೆ:

ಕನಕಪುರ ತಾಲ್ಲೂಕಿನ ಈ ಭಾಗದಲ್ಲಿ ಭೂಮಿಯು ಬಹುಮಟ್ಟಿಗೆ ಕೆಮ್ಮಣ್ಣು, ಅಲ್ಲಲ್ಲಿ ಗರಸು. ಖುಷ್ಕಿಯಲ್ಲಿ ರಾಗಿ, ಅವರೆ, ಹುರುಳಿ. ಬಾವಿಯ ಅಥವಾ ಕೊಳವೆಬಾವಿಯ ನೀರಿರುವ ಕಡೆ ಹಿಪ್ಪುನೇರಳೆ, ಟೊಮೇಟೊ ಮತ್ತು ಇತರ ತರಕಾರಿ. ರಾಮನಗರದ ಗೂಡಿನ ಮಾರುಕಟ್ಟೆಯು ಹತ್ತಿರವಿರುವುದರಿಂದ ಹುಳು ಸಾಕುವುದು ಇಲ್ಲಿಯ ಅನೇಕ ಮನೆಗಳ ಜೀವನಾಧಾರವಾಗಿದೆ. ಇಂತಹ ಸೀಮೆಯಲ್ಲಿ ಪೈರಿಗೆ ಹತ್ತಿದ ಕೀಟವನ್ನು ಔಷಧಿ ಹೊಡೆದು ಕೊಲ್ಲುವುದು ಬೇರೆ ಕಡೆಯಷ್ಟು ಸುಲಭವಲ್ಲ. ಟೊಮೇಟೊ ಹೊಲಕ್ಕೆ ಸಿಂಪಡಿಸಿದ ಔಷಧಿಯು ಗಾಳಿಯಲ್ಲಿ ತೇಲಿ ಪಕ್ಕದ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದರೆ, ಆ ಸೊಪ್ಪು ತಿಂದ ಹುಳುಗಳು ಒಂದೇ ರಾತ್ರಿಯಲ್ಲಿ ಸಾಯುವುದುಂಟು. ಸೊಪ್ಪು ಒಬ್ಬನದು, ಔಷಧಿ ಇನ್ನೊಬ್ಬನದು. ಜಗಳವು ಕೊನೆಗೆ ಊರಿನ ಯಜಮಾನರ ಜಗುಲಿಗೆ ಬರುವುದು. ಆದುದರಿಂದ ಔಷಧಿಯ ಬಳಕೆಯನ್ನು ಎಷ್ಟು ಕಡಿಮೆ ಮಾಡಿದರೆ ಅಷ್ಟು ಒಳ್ಳೆಯದು. ಹಾಗೆ ಕಡಿಮೆ ಮಾಡುವ ಸಾಧನಗಳಲ್ಲಿ ಎಲ್ಲರ ಹಿತ್ತಿಲಿನಲ್ಲಿಯೂ ಇರುವ ಚೆಂಡುಹೂವು ಒಂದು. ಆದರೆ ಯಾವ ಕೆಲಸಕ್ಕೆ ಯಾವ ಜಾತಿ ಎಂಬುದನ್ನು ತಿಳಿಯದೆ ಹಾಕಿದರೆ ಹೂವು ಬರುವುದೇ ಹೊರತು ಕೀಟವು ಹೋಗದು.

ಎರಡು ಬಗೆಗಳು

ಚೆಂಡುಹೂವಿನ ಮೂಲಸ್ಥಾನ ಮೆಕ್ಸಿಕೋ ದೇಶ. ನಮ್ಮ ಹಬ್ಬಗಳಿಗೂ ದೇವರ ಪೂಜೆಗೂ ಅದು ಈಗ ಎಷ್ಟು ಒಗ್ಗಿಹೋಗಿದೆಯೆಂದರೆ, ಅದು ಹೊರಗಿನಿಂದ ಬಂದ ಗಿಡವೆಂದು ಹೇಳಿದರೆ ನಂಬುವವರು ಕಡಿಮೆ. ಬೀಜದಂಗಡಿಗಳಲ್ಲಿ ಇದನ್ನು ಆಫ್ರಿಕನ್, ಫ್ರೆಂಚ್ ಎಂದು ಎರಡಾಗಿ ವಿಂಗಡಿಸುವರು. ಈ ಹೆಸರುಗಳಿಗೂ ಆ ದೇಶಗಳಿಗೂ ಹುಟ್ಟಿನ ಸಂಬಂಧವೇನೂ ಇಲ್ಲ. ವ್ಯಾಪಾರದಲ್ಲಿ ನಿಂತುಹೋದ ಹೆಸರುಗಳು. ಈ ಕರಪತ್ರದಲ್ಲಿ ಮೊದಲನೆಯದನ್ನು ದೊಡ್ಡ ಚೆಂಡು ಎಂದೂ, ಎರಡನೆಯದನ್ನು ಸಣ್ಣ ಚೆಂಡು ಎಂದೂ ಕರೆಯುವೆವು.

ದೊಡ್ಡ ಚೆಂಡಿನ ಗಿಡವು ಎರಡರಿಂದ ಮೂರು ಅಡಿ, ಕೆಲವು ಸಲ ಇನ್ನೂ ಎತ್ತರ ಬೆಳೆಯುವುದು. ಹೂವು ದಪ್ಪ, ಎಸಳು ದಟ್ಟ. ಬಣ್ಣ ನಿಂಬೆಹಳದಿಯಿಂದ ಕಡು ಕಿತ್ತಳೆಯವರೆಗೆ. ಹಾರಕ್ಕೂ ತೋರಣಕ್ಕೂ ಮಾರುವ ಹೂವೆಲ್ಲವೂ ಇದೇ. ಸಣ್ಣ ಚೆಂಡಿನ ಗಿಡವು ಮುಕ್ಕಾಲು ಅಡಿಯಿಂದ ಒಂದೂವರೆ ಅಡಿಯೊಳಗೆ ಪೊದೆಯಂತೆ ಹರಡುವುದು. ಹೂವು ಚಿಕ್ಕದು, ಹಳದಿ, ಕಿತ್ತಳೆ, ಕಂದುಗೆಂಪು, ಅಥವಾ ಒಂದೇ ಎಸಳಿನಲ್ಲಿ ಎರಡು ಬಣ್ಣ. ಇದು ದೊಡ್ಡ ಚೆಂಡಿಗಿಂತ ಬೇಗ ಹೂಬಿಡುವುದು. ತೂಕ ಬಾರದ ಕಾರಣ ಮಾರುಕಟ್ಟೆಯಲ್ಲಿ ಇದಕ್ಕೆ ಬೆಲೆ ಇಲ್ಲ. ಅದೇ ಕಾರಣದಿಂದ ನಮ್ಮ ರೈತರು ಇದನ್ನು ಅಲಕ್ಷ್ಯ ಮಾಡಿರುವರು. ಕೀಟದ ವಿಚಾರಕ್ಕೆ ಬಂದಾಗ ಈ ಅಲಕ್ಷ್ಯವು ಸರಿಯಲ್ಲ.

ಬಣ್ಣಕ್ಕಾಗಿ ಮತ್ತು ಹಬ್ಬಕ್ಕಾಗಿ

ಮನೆಯ ಅಂಗಳ, ಶಾಲೆಯ ಮುಂದಿನ ಪಾತಿ, ದೇವಸ್ಥಾನದ ನಂದನವನ ಇವುಗಳಿಗೆ ಜಾತಿಯನ್ನು ಆರಿಸುವಾಗ ಎತ್ತರವನ್ನು ಮೊದಲು ನೋಡಿ, ಬಣ್ಣವನ್ನು ಆಮೇಲೆ ನೋಡತಕ್ಕದ್ದು. ಹಿಂದೆ ದೊಡ್ಡದು, ಮುಂದೆ ಸಣ್ಣದು ಇದ್ದರೆ ಎರಡೂ ಕಾಣುವುವು. ಗಾಳಿ ಬೀಸುವ ಎತ್ತರದ ಜಾಗಗಳಲ್ಲಿ ದೊಡ್ಡ ಚೆಂಡಿಗೆ ಊರುಗೋಲು ಬೇಕಾಗುವುದು. ಮಳೆ ನೀರು ತುಂಬಿದ ಹೂವಿನ ಭಾರಕ್ಕೇ ಗಿಡವು ಒರಗುವುದು. ಅಂತಹ ಕಡೆ ಸಣ್ಣ ಚೆಂಡೇ ವಾಸಿ.

ದೊಡ್ಡ ಚೆಂಡಿನಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯು ಬೆಳೆಸಿದ ಪೂಸಾ ನಾರಂಗಿ (ಕಿತ್ತಳೆ) ಮತ್ತು ಪೂಸಾ ಬಸಂತಿ (ಹಳದಿ) ಹೆಸರಾದವು. ಇವೆರಡೂ ದೀರ್ಘಾವಧಿಯವು, ಬಿತ್ತಿದ್ದರಿಂದ ಹೂಬಿಡಲು ನಾಲ್ಕು ತಿಂಗಳಿಗೆ ಮೇಲೆ ಹಿಡಿಯುವುದೆಂಬುದನ್ನು ಲೆಕ್ಕದಲ್ಲಿಟ್ಟುಕೊಳ್ಳಬೇಕು. ಬೆಂಗಳೂರಿನ ಬಳಿ ಹೆಸರಘಟ್ಟದಲ್ಲಿ 1967 ರಲ್ಲಿ ಸ್ಥಾಪಿತವಾದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ಅರ್ಕಾ ಎಂಬ ಹೆಸರಿನ ಜಾತಿಗಳನ್ನು ಬಿಡುಗಡೆ ಮಾಡಿರುವುದು. ಅರ್ಕಾ ಬಂಗಾರ ಮತ್ತು ಅರ್ಕಾ ಅಗ್ನಿ ದೊಡ್ಡ ಚೆಂಡಿಗೆ ಸೇರಿದವು. ಇವನ್ನು ಬೀಜದಿಂದಲ್ಲ, ಕಡ್ಡಿ ನೆಟ್ಟು ಬೆಳೆಸಬೇಕು. ಅರ್ಕಾ ಹನಿ, ಅರ್ಕಾ ಪರಿ ಎಂಬುವು ಸಣ್ಣ ಚೆಂಡಿಗೆ ಸೇರಿದವು. ಗುಂಡ್ಲುಪೇಟೆಯ ಕಡೆ ರಸ್ತೆಯ ಎರಡೂ ಪಕ್ಕದಲ್ಲಿ ಕಾಣುವ ಕಡು ಕಿತ್ತಳೆಯ ಹೊಲಗಳು ಹಾರಕ್ಕಾಗಿ ಬೆಳೆದವಲ್ಲ; ಎಸಳಿನ ಬಣ್ಣವನ್ನು ತೆಗೆಯುವ ಕಾರ್ಖಾನೆಗಳಿಗಾಗಿ ಒಪ್ಪಂದದ ಮೇಲೆ ಬೆಳೆಯುವ ಬೆಳೆ. ಆ ಬಣ್ಣವನ್ನು ಕೋಳಿಯ ಆಹಾರಕ್ಕೆ ಸೇರಿಸಿದರೆ ಮೊಟ್ಟೆಯ ಭಂಡಾರವು ಹಳದಿಯಾಗುವುದು. ಒಪ್ಪಂದವಿಲ್ಲದೆ ಆ ಜಾತಿಯನ್ನು ಇಲ್ಲಿ ಬೆಳೆಯುವುದರಿಂದ ಪ್ರಯೋಜನವಿಲ್ಲ.

ಸಂಕರ ಬೀಜದಿಂದ ಬಂದ ಗಿಡದ ಹೂವನ್ನು ಒಣಗಿಸಿ ಮುಂದಿನ ವರ್ಷಕ್ಕೆ ಬೀಜವಾಗಿ ಇಟ್ಟುಕೊಳ್ಳುವ ಪದ್ಧತಿಯನ್ನು ಬಿಡತಕ್ಕದ್ದು. ಅದರ ಸಂತತಿಯು ತಾಯಿಯಂತಿರುವುದಿಲ್ಲ. ಒಂದೇ ಸಾಲಿನಲ್ಲಿ ದಪ್ಪ ಹೂವು, ಬಿಡಿ ಎಸಳಿನ ಹೂವು, ಎಸಳೇ ಇಲ್ಲದ ಹೂವು ಎಲ್ಲವೂ ಬರುವುವು. ನಾಟಿ ಬೀಜವನ್ನಾದರೆ ಆರಿಸಿ ಇಟ್ಟುಕೊಳ್ಳಬಹುದು. ದೊಡ್ಡ ಚೆಂಡು ಪರಾಗಸ್ಪರ್ಶದಿಂದ ಬೆರೆಯುವ ಗಿಡವಾದುದರಿಂದ, ಬೀಜಕ್ಕೆ ಬಿಡುವ ಗಿಡಗಳ ಹತ್ತಿರ ಬೇರೆ ಬಣ್ಣದ ಗಿಡ ಇರಕೂಡದು.

ಆಯುಧಪೂಜೆಗೆ ಹೂವು ಬೇಕಾದವರು ಹಬ್ಬದಿಂದ ಹಿಂದಕ್ಕೆ ಎಣಿಸತಕ್ಕದ್ದು. ಸಾಧಾರಣ ಜಾತಿಯು ಒಟ್ಟಲಿನಲ್ಲಿ 25 ದಿನ, ನಾಟಿಯಾದ ಮೇಲೆ ಮೊದಲ ಹೂವಿಗೆ 55 ರಿಂದ 60 ದಿನ, ಒಳ್ಳೆಯ ಕೊಯ್ಲಿಗೆ ಮತ್ತೆ ಎರಡು ವಾರ ತೆಗೆದುಕೊಳ್ಳುವುದು. ಅಂದರೆ ಹಬ್ಬಕ್ಕೆ 95 ರಿಂದ 100 ದಿನ ಮೊದಲು ಬೀಜ ಬೀಳಬೇಕು. ಹಬ್ಬವು ಒಂದು ವರ್ಷ ಸೆಪ್ಟೆಂಬರ್ ಕೊನೆಗೂ ಇನ್ನೊಂದು ವರ್ಷ ಅಕ್ಟೋಬರ್ ಮೂರನೆಯ ವಾರಕ್ಕೂ ಬೀಳುವುದರಿಂದ, ಕಳೆದ ವರ್ಷ ಬಿತ್ತಿದ ದಿನವನ್ನೇ ಹಿಡಿಯದೆ ಪಂಚಾಂಗವನ್ನು ನೋಡುವುದು ಅವಶ್ಯ. ಎಕರೆಗೆ ಎರಡು ಅಡಿ ಸಾಲು, ಒಂದೂವರೆ ಅಡಿ ಗಿಡದ ಅಂತರದಲ್ಲಿ ಸುಮಾರು 15,000 ಸಸಿ ಹಿಡಿಯುವುವು. ನಾಟಿಯ ಒಂದು ತಿಂಗಳ ನಂತರ ತುದಿಯ ಚಿಗುರನ್ನು ಚಿವುಟಿದರೆ ಕವಲು ಹೆಚ್ಚಿ ಹೂವು ಹೆಚ್ಚುವುದು; ಆದರೆ ಹೂಬಿಡುವುದು ಕೆಲವು ದಿನ ತಡವಾಗುವುದೆಂಬುದನ್ನು ಮರೆಯಬಾರದು.

ಇನ್ನೊಂದು ಮಾತು. ಎಲ್ಲರೂ ಒಂದೇ ದಿನಕ್ಕೆ ಗುರಿಯಿಟ್ಟು ಹಾಕುವುದರಿಂದ, ಹಬ್ಬದ ಮಾರನೆಯ ದಿನವೇ ಬೆಲೆ ಬಿದ್ದು ಹೂವನ್ನು ರಸ್ತೆಯ ಬದಿಗೆ ಸುರಿದು ಹೋಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಒಂದು ಪಾಲನ್ನು ಆಯುಧಪೂಜೆಗೂ, ಇನ್ನೊಂದನ್ನು ದೀಪಾವಳಿಗೂ ಕಾರ್ತಿಕ ಮಾಸಕ್ಕೂ ಬರುವಂತೆ ಮೂರು ವಾರದ ಅಂತರದಲ್ಲಿ ಬಿತ್ತುವುದು ವಿವೇಕ.

ಬೇರುಗಂಟು ರೋಗ

ಈಗ ಮುಖ್ಯ ವಿಷಯಕ್ಕೆ ಬರುವೆವು. ನೀರು, ಗೊಬ್ಬರ ಎರಡೂ ಸಾಕಷ್ಟಿದ್ದರೂ ತೋಟದ ಒಂದು ಮೂಲೆಯಲ್ಲಿ ಹಿಪ್ಪುನೇರಳೆ ಗಿಡಗಳು ಕುಗ್ಗಿ, ಎಲೆ ಹಳದಿಯಾಗಿ, ಅಂಚು ಒಣಗಿ, ಮಧ್ಯಾಹ್ನದ ಬಿಸಿಲಿಗೆ ಬಾಡಿ ನಿಲ್ಲುವುದುಂಟು. ಇದನ್ನು ಕಂಡ ರೈತನು ಗೊಬ್ಬರ ಸಾಲದೆಂದು ಮತ್ತಷ್ಟು ಹಾಕುವನು. ಅದರ ಬದಲು ಗಿಡದ ಬುಡವನ್ನು ಬಿಡಿಸಿ ಎಳೆಯ ಬೇರನ್ನು ನೋಡತಕ್ಕದ್ದು. ಬೇರಿನಲ್ಲಿ ಸಾಸಿವೆಯಿಂದ ಕಡಲೆಯಷ್ಟು ಗಾತ್ರದ ಗಂಟುಗಳಿದ್ದರೆ ಅದು ಬೇರುಗಂಟು ರೋಗ. ಕಣ್ಣಿಗೆ ಕಾಣದಷ್ಟು ಸಣ್ಣದಾದ ಜಂತುಹುಳುಗಳು ಬೇರಿನೊಳಗೆ ಹೊಕ್ಕು ಇದನ್ನು ಉಂಟುಮಾಡುವುವು. ಅವರೆ, ಅಲಸಂದೆ ಮುಂತಾದ ದ್ವಿದಳ ಧಾನ್ಯಗಳ ಬೇರಿನಲ್ಲಿಯೂ ಗಂಟುಗಳಿರುವುವು, ಅವು ಒಳ್ಳೆಯವು. ವ್ಯತ್ಯಾಸವನ್ನು ಹೀಗೆ ಕಂಡುಕೊಳ್ಳಬಹುದು: ಒಳ್ಳೆಯ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿದ್ದು ಉಗುರಿನಿಂದ ತಳ್ಳಿದರೆ ಉದುರುವುದು, ರೋಗದ ಗಂಟು ಬೇರೇ ಊದಿಕೊಂಡುದಾಗಿ, ಬೇರನ್ನು ಮುರಿಯದೆ ಬಿಡುವುದಿಲ್ಲ. ತೋಟದ ಮಣ್ಣಿನ ಬಗ್ಗೆ ಸಂಶಯವಿದ್ದರೆ, ಆ ಮಣ್ಣನ್ನು ಕುಂಡದಲ್ಲಿ ತುಂಬಿ ಟೊಮೇಟೊ ಸಸಿ ನೆಟ್ಟು ಆರು ವಾರದ ನಂತರ ಕಿತ್ತು ನೋಡಿದರೆ ತಿಳಿಯುವುದು. ಕನಕಪುರದ ರಸ್ತೆಯಲ್ಲಿಯೇ ತಲಘಟ್ಟಪುರದಲ್ಲಿ ರಾಜ್ಯದ ರೇಷ್ಮೆ ಸಂಶೋಧನಾ ಸಂಸ್ಥೆ ಇರುವುದರಿಂದ, ಬೇರನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಒಯ್ದು ಅಲ್ಲಿ ವಿಚಾರಿಸಬಹುದು.

ಚೆಂಡುಹೂವಿನ ಬೇರು ಈ ಹುಳುವಿಗೆ ವಿಷವಾಗಿರುವುದು. ಹಾಲೆಂಡ್ ದೇಶದ ಇಬ್ಬರು ವಿಜ್ಞಾನಿಗಳು 1958 ರಲ್ಲಿ ಆ ಬೇರಿನಿಂದ ಟರ್ಥಿಯೆನಿಲ್ ಎಂಬ ವಸ್ತುವನ್ನು ಬೇರ್ಪಡಿಸಿ, ಅದು ಜಂತುಹುಳುಗಳನ್ನು ಕೊಲ್ಲುವುದೆಂದು ತೋರಿಸಿದರು. ಆದರೆ ಈ ಗುಣದ ಮೇಲೆ ಅನೇಕ ತಪ್ಪು ನಂಬಿಕೆಗಳು ಬೆಳೆದಿರುವುವು. ತೋಟದ ನಾಲ್ಕು ಮೂಲೆಗೆ ನಾಲ್ಕು ಗಿಡ ಹಾಕಿದರೆ ಹುಳು ಓಡಿಹೋಗುವುದೆಂಬುದು ಸುಳ್ಳು. ಬೇರಿನ ಗುಣವು ಬೇರು ಇರುವಷ್ಟು ಜಾಗದಲ್ಲಿ ಮಾತ್ರ, ಅದೂ ಬೇರು ಜೀವಂತವಾಗಿರುವಾಗ ಹೆಚ್ಚಾಗಿ ಕೆಲಸ ಮಾಡುವುದು. ಒಣಗಿದ ಹೂವನ್ನು ಮಣ್ಣಿಗೆ ಸೇರಿಸುವುದರಿಂದ ಗೊಬ್ಬರವಾಗುವುದೇ ಹೊರತು ಆ ಫಲವು ಸಿಕ್ಕದು. ಹಾಗೆಯೇ ಎಲ್ಲ ಚೆಂಡುಹೂವೂ ಎಲ್ಲ ಜಾತಿಯ ಜಂತುಹುಳುವಿಗೂ ಸಮನಾದ ಶತ್ರುವಲ್ಲ. ಈ ಕೆಲಸಕ್ಕೆ ಸಾಮಾನ್ಯವಾಗಿ ಸಣ್ಣ ಚೆಂಡೇ ಮೇಲೆಂದು ಕಂಡುಬಂದಿದೆ. ಬೀಜದಂಗಡಿಯಲ್ಲಿ ಸಿಗ್ನೆಟ್ ಎಂದು ಮಾರುವ ಎಳೆಯೆಲೆಯ ಮೂರನೆಯ ಬಗೆಯನ್ನು ಇದಕ್ಕಾಗಿ ಕೊಳ್ಳಬಾರದು. ಅದರ ಬೇರಿನಲ್ಲಿ ಹುಳುವು ಬೆಳೆಯಬಲ್ಲುದು.

ಫಲ ಕಾಣಬೇಕಾದರೆ ಸಣ್ಣ ಚೆಂಡನ್ನು ಗಿಡದಿಂದ ಗಿಡಕ್ಕೆ ಏಳು ಅಂಗುಲಕ್ಕಿಂತ ಹೆಚ್ಚಿಲ್ಲದಂತೆ ಜಾಗವೆಲ್ಲ ತುಂಬುವ ಹಾಗೆ ಬೆಳೆಸಿ, ಎರಡು ತಿಂಗಳಿಗೆ ಕಡಿಮೆಯಿಲ್ಲದೆ ನಿಲ್ಲಿಸಿ, ಆಮೇಲೆ ಅದೇ ಜಾಗದಲ್ಲಿ ಕೊಚ್ಚಿ ಮಣ್ಣಿಗೆ ಸೇರಿಸಿ, ತಡಮಾಡದೆ ಮುಂದಿನ ಪೈರನ್ನು ಇಡತಕ್ಕದ್ದು. ನಡುವೆ ಕಳೆಯನ್ನು ಬೆಳೆಯಗೊಟ್ಟರೆ ಹುಳುಗಳು ಕಳೆಯ ಬೇರನ್ನು ಆಶ್ರಯಿಸಿ ಬದುಕಿಕೊಳ್ಳುವುವು; ಮಾಡಿದ ಕೆಲಸವೆಲ್ಲ ವ್ಯರ್ಥ. ಲೆಕ್ಕ ಹಾಕಿದರೆ ಒಂದು ಗುಂಟೆಗೆ ಸುಮಾರು 3,100 ಗಿಡ, ಎಕರೆಗೆ ಒಂದೂಕಾಲು ಲಕ್ಷ ಗಿಡವಾಗುವುದು. ಎಕರೆಗಟ್ಟಲೆ ಹೀಗೆ ಮಾಡಿರೆಂದು ಹೇಳುವುದು ನಮ್ಮ ಅಭಿಪ್ರಾಯವಲ್ಲ. ಅಷ್ಟು ಸಸಿಯನ್ನು ನೆಡುವ ಆಳಿನ ಕೂಲಿಯನ್ನು ಯಾರೂ ತಡೆಯಲಾರರು. ಆದರೆ ಈ ರೋಗವು ಹೊಲವನ್ನೆಲ್ಲ ಒಮ್ಮೆಗೇ ಹಿಡಿಯುವುದಿಲ್ಲ. ತೇಪೆ ತೇಪೆಯಾಗಿ ಕಾಣಿಸಿಕೊಳ್ಳುವುದು. ಅಂತಹ ಎರಡು ಮೂರು ಗುಂಟೆಗೂ, ಮುಖ್ಯವಾಗಿ ಸಸಿ ಬೆಳೆಸುವ ಒಟ್ಟಲಿನ ಜಾಗಕ್ಕೂ ಇದನ್ನು ಮಾಡಿದರೆ ಸಾಕು. ಬೀಜವನ್ನು ನೇರವಾಗಿ ಸಾಲಿನಲ್ಲಿ ಉದುರಿಸಿದರೆ ನಾಟಿಯ ಖರ್ಚೂ ಉಳಿಯುವುದು. ಒಟ್ಟಲಿನ ಜಾಗವನ್ನು ಹೆಚ್ಚು ಒತ್ತಿ ಹೇಳಲು ಕಾರಣವುಂಟು: ಒಂದು ಊರಿನಿಂದ ಇನ್ನೊಂದಕ್ಕೆ ಈ ಹುಳು ಹೋಗುವುದು ಬಹುಮಟ್ಟಿಗೆ ಸಸಿಯ ಬೇರಿನ ಜೊತೆಯಲ್ಲಿಯೇ. ಊರಿನ ಯಜಮಾನರು, ಹೊರಗಿನಿಂದ ತಂದ ಹಿಪ್ಪುನೇರಳೆ ಅಥವಾ ಟೊಮೇಟೊ ಸಸಿಯ ಕಂತೆಯಿಂದ ಹತ್ತು ಸಸಿಯನ್ನಾದರೂ ಕಿತ್ತು ಬೇರು ನೋಡದೆ ನೆಡಬಾರದೆಂಬ ಕಟ್ಟುಪಾಡನ್ನು ಊರಿನಲ್ಲಿ ಮಾಡಿದರೆ ದೊಡ್ಡ ಉಪಕಾರವಾಗುವುದು. ರೋಗದ ತೋಟದಲ್ಲಿ ಉತ್ತ ನೇಗಿಲನ್ನೂ ಗುದ್ದಲಿಯನ್ನೂ ತೊಳೆಯದೆ ಬೇರೆ ಹೊಲಕ್ಕೆ ಇಳಿಸಕೂಡದು.

ಈಗಾಗಲೇ ನಿಂತಿರುವ ಹಿಪ್ಪುನೇರಳೆ ತೋಟವನ್ನು ಕಿತ್ತು ಚೆಂಡುಹೂವು ಹಾಕಲಾಗದು. ಅಲ್ಲಿ ಕಟಾವಾದ ಕೂಡಲೆ ಸಾಲುಗಳ ನಡುವೆ ಸಣ್ಣ ಚೆಂಡನ್ನು ಒತ್ತಾಗಿ ಬೆಳೆಸಿ, ಹೂವಾದ ಮೇಲೆ ಕೊಯ್ದು ಗಿಡದ ಬುಡಕ್ಕೆ ಹೊದಿಸುವುದುಂಟು. ಇದರ ಜೊತೆಗೆ ವರ್ಷಕ್ಕೆ ಎಕರೆಗೆ 800 ಕಿಲೋಗ್ರಾಂ ಬೇವಿನ ಹಿಂಡಿಯನ್ನು ನಾಲ್ಕು ಸಲ ಹಂಚಿ ಬೇರಿನ ಬಳಿ ಹಾಕಿ ಮುಚ್ಚಿದರೆ ರೋಗವು ಹತೋಟಿಯಲ್ಲಿರುವುದು. ಪೂರ್ತಿಯಾಗಿ ಹೋಗುವುದೆಂದು ನಂಬಿಸುವವರ ಮಾತನ್ನು ಕೇಳಬಾರದು. ಚೆಂಡುಹೂವಿನ ಫಲವು ಒಂದು ಬೆಳೆಗೆ ಇರುವುದು; ಮತ್ತೆ ಹುಳು ಹೆಚ್ಚಿದಾಗ ಮತ್ತೆ ಮಾಡಬೇಕು.

ಇಲ್ಲಿ ಒಂದು ಎಚ್ಚರಿಕೆಯನ್ನು ದಪ್ಪಕ್ಷರದಲ್ಲಿ ಬರೆದಂತೆ ಭಾವಿಸತಕ್ಕದ್ದು. ಹಿಪ್ಪುನೇರಳೆಯ ನಡುವೆ ಬೆಳೆಯುವ ಚೆಂಡುಹೂವು ಮಣ್ಣಿಗಾಗಿ, ಮಾರುಕಟ್ಟೆಗಾಗಿ ಅಲ್ಲ. ಹೂವನ್ನು ಮಾರುವ ಆಸೆಯಿಂದ ಅದಕ್ಕೆ ನುಸಿಗೋ ಮೊಗ್ಗುಕೊರಕಕ್ಕೋ ಔಷಧಿ ಸಿಂಪಡಿಸಿದರೆ, ಸೊಪ್ಪಿಗೆ ತಗುಲಿ ಹುಳುಮನೆಯೇ ನಾಶವಾಗುವುದು. ಅಂಗಡಿಯವರು ಜೈವಿಕ ಎಂದು ಹೇಳಿ ಕೊಡುವ ಬಿ.ಟಿ. ಪುಡಿಯು ಇದಕ್ಕೆ ಹೊರತಲ್ಲ. ನಿಜ ಹೇಳುವುದಾದರೆ ಅದೇ ಹೆಚ್ಚು ಅಪಾಯ. ಆ ಪುಡಿಯಲ್ಲಿರುವ ಸೂಕ್ಷ್ಮಜೀವಿಯನ್ನು ಜಪಾನಿನಲ್ಲಿ 1901 ರಲ್ಲಿ ಮೊದಲು ಕಂಡುಹಿಡಿದದ್ದೇ ಸತ್ತ ರೇಷ್ಮೆಹುಳುವಿನ ದೇಹದಲ್ಲಿ. ಮನುಷ್ಯನಿಗೂ ದನಕ್ಕೂ ನಿರಪಾಯವಾದುದೆಲ್ಲ ರೇಷ್ಮೆಹುಳುವಿಗೂ ನಿರಪಾಯವೆಂದು ತಿಳಿಯಬಾರದು.

ಟೊಮೇಟೊದ ಕಾಯಿಕೊರಕ

ಟೊಮೇಟೊ ಕಾಯಿಗೆ ತೂತು ಕೊರೆದು ತಲೆಯನ್ನು ಒಳಗಿಟ್ಟು ತಿನ್ನುವ ಹಸಿರು ಹುಳುವನ್ನು ಎಲ್ಲರೂ ಬಲ್ಲರು. ಇದರ ಪತಂಗವು ಟೊಮೇಟೊಗಿಂತ ದೊಡ್ಡ ಚೆಂಡಿನ ಮೊಗ್ಗು ಮತ್ತು ಹೂವಿನ ಮೇಲೆ ಮೊಟ್ಟೆಯಿಡಲು ಇಷ್ಟಪಡುವುದು. ಇದನ್ನೇ ಆಧಾರ ಮಾಡಿಕೊಂಡು ಹೆಸರಘಟ್ಟದ ಸಂಸ್ಥೆಯವರು ಒಂದು ಕ್ರಮವನ್ನು ಏರ್ಪಡಿಸಿದರು. ಪ್ರತಿ 16 ಸಾಲು ಟೊಮೇಟೊಗೆ ಒಂದು ಸಾಲು ಎತ್ತರದ ದೊಡ್ಡ ಚೆಂಡು. ನೆಡುವ ದಿನ ಟೊಮೇಟೊ ಸಸಿಗೆ 25 ದಿನ, ಚೆಂಡಿನ ಸಸಿಗೆ 40 ದಿನ ಆಗಿರಬೇಕು. ಅಂದರೆ ಚೆಂಡಿನ ಬೀಜವನ್ನು ಟೊಮೇಟೊ ಬೀಜಕ್ಕಿಂತ 15 ದಿನ ಮುಂಚೆ ಹಾಕಬೇಕು. ಈ ಹದಿನೈದು ದಿನವೇ ಇದರ ಮರ್ಮ. ಎರಡೂ ಒಟ್ಟಿಗೆ ಹೂಬಿಟ್ಟರೆ ಮಾತ್ರ ಪತಂಗವು ಚೆಂಡನ್ನು ಆರಿಸಿಕೊಳ್ಳುವುದು. ಅನೇಕರು ಎರಡು ಬೀಜವನ್ನೂ ಒಂದೇ ದಿನ ಬಿತ್ತಿ, ಟೊಮೇಟೊ ಕಾಯಿ ಕಟ್ಟಿದ ಮೇಲೆ ಚೆಂಡು ಹೂಬಿಡುವುದನ್ನು ನೋಡಿ, ಕ್ರಮವೇ ಸುಳ್ಳೆಂದು ದೂರುವರು.

ಈ ಕೆಲಸಕ್ಕೆ ಸಣ್ಣ ಚೆಂಡು ಬೇಡ. ಟೊಮೇಟೊ ಗಿಡದ ಮರೆಯಲ್ಲಿ ಅದು ಕಾಣಿಸದು. ನಾಲ್ಕು ತಿಂಗಳ ದೀರ್ಘಾವಧಿಯ ಜಾತಿಗಳೂ ಬೇಡ. ಸಾಧಾರಣ ಅವಧಿಯ ಎತ್ತರದ ಹಳದಿ ಅಥವಾ ಕಿತ್ತಳೆ ಜಾತಿಯನ್ನು ಹಿಡಿಯತಕ್ಕದ್ದು. ಮೂರು ಅಡಿ ಅಂತರದ ಸಾಲುಗಳಾದರೆ ಎಕರೆಗೆ ನಾಲ್ಕು ಸಾಲು, ಸುಮಾರು 550 ಗಿಡ ಸಾಕು. ಖರ್ಚು ಅತ್ಯಲ್ಪ.

ಆದರೆ ಬಲೆ ಒಡ್ಡಿದವನು ಬಲೆಯನ್ನು ನೋಡದೆ ಹೋಗಬಾರದು. ಚೆಂಡಿನ ಮೊಗ್ಗಿನಲ್ಲಿ ಹುಟ್ಟಿದ ಹುಳುವನ್ನು ಅಲ್ಲಿಯೇ ಬಿಟ್ಟರೆ ಅದು ಬೆಳೆದು ಪತಂಗವಾಗಿ ಮುಂದಿನ ಪೀಳಿಗೆಯನ್ನು ಟೊಮೇಟೊಗೆ ತರುವುದು; ಚೆಂಡು ಹಾಕದಿದ್ದ ಹೊಲಕ್ಕಿಂತ ಹಾಕಿದ ಹೊಲದಲ್ಲಿಯೇ ಹುಳು ಹೆಚ್ಚಾದರೆ ಆಶ್ಚರ್ಯವಿಲ್ಲ. ವಾರಕ್ಕೆ ಎರಡು ಸಲ ಆ ನಾಲ್ಕು ಸಾಲುಗಳನ್ನು ಮಾತ್ರ ನಡೆದು, ತೂತಾದ ಮೊಗ್ಗನ್ನೂ ಹುಳುವನ್ನೂ ಆರಿಸಿ ಸೋಪಿನ ನೀರಿಗೆ ಹಾಕಬೇಕು. ಅರಳಿದ ಹೂವನ್ನು ಕೊಯ್ದು ಮಾರಬಹುದು. ಔಷಧಿ ಬೇಕೇ ಬೇಕೆಂದಾದರೆ, ಈ ಹುಳುವಿಗೆ ಮಾತ್ರ ತಗುಲುವ ಎನ್.ಪಿ.ವಿ. ಎಂಬ ನಂಜಾಣುವಿನ ದ್ರಾವಣವನ್ನು ಸಂಜೆಯ ಹೊತ್ತು ಸಿಂಪಡಿಸುವುದು ಮೇಲು. ಬಿಸಿಲಿನಲ್ಲಿ ಹೊಡೆದರೆ ಅದರ ಶಕ್ತಿ ಕುಗ್ಗುವುದು.

2014 ರಲ್ಲಿ ಭಾರತಕ್ಕೆ ಬಂದು ಸೇರಿದ ಟೂಟಾ ಎಂಬ ಹುಳುವು ಟೊಮೇಟೊ ಎಲೆಯೊಳಗೆ ಸುರಂಗ ಕೊರೆದು ಕಾಯಿಗೂ ಸೂಜಿಮೊನೆಯಷ್ಟು ತೂತು ಮಾಡುವುದು. ಚೆಂಡಿನ ಸಾಲು ಅದಕ್ಕೆ ಬಲೆಯಾಗಲಾರದು. ಬಿಳಿನೊಣದ ವಿಷಯದಲ್ಲಿ, ಟೊಮೇಟೊ ಜೊತೆ ಬೆಳೆದ ಸಣ್ಣ ಚೆಂಡಿನ ವಾಸನೆಯು ಅದನ್ನು ನಿಧಾನಗೊಳಿಸುವುದೆಂದು ಇಂಗ್ಲೆಂಡಿನಲ್ಲಿ 2019 ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ತೋರಿಸಿತು. ಆದರೆ ಅದು ಗಾಜಿನ ಮನೆಯೊಳಗಿನ ಪರೀಕ್ಷೆ. ನಮ್ಮ ಬಯಲು ಹೊಲದ ಗಾಳಿಯಲ್ಲಿ ಅದನ್ನೇ ನಂಬಿ ಕೂರುವುದು ಸರಿಯಲ್ಲ.

ಚೆಂಡುಹೂವು ತರುವ ತೊಂದರೆ

ಬೇಸಗೆಯಲ್ಲಿ ಚೆಂಡುಗಿಡವು ಕೆಂಪು ನುಸಿಯ ತವರುಮನೆಯಾಗುವುದು. ಎಲೆ ಬೂದುಬಣ್ಣಕ್ಕೆ ತಿರುಗಿ ತುದಿಯಲ್ಲಿ ಸಣ್ಣ ಬಲೆ ಕಂಡರೆ ಆ ಗಿಡವನ್ನು ಕಿತ್ತು ಸುಡತಕ್ಕದ್ದು; ಅಲ್ಲಿಂದ ನುಸಿಯು ಟೊಮೇಟೊ, ಬದನೆ, ಹಿಪ್ಪುನೇರಳೆಗಳಿಗೂ ಹರಡುವುದು. ಫೆಬ್ರವರಿಯಿಂದ ಮೇ ವರೆಗೆ ಹಿಪ್ಪುನೇರಳೆಯ ಬಳಿ ಚೆಂಡು ಹಾಕದಿರುವುದೇ ಉತ್ತಮ. ಮಳೆ ಹಿಡಿದಾಗ ಎಲೆಚುಕ್ಕೆ ಮತ್ತು ಮೊಗ್ಗು ಕೊಳೆಯುವ ರೋಗ ಬರುವುದು; ನೀರು ನಿಲ್ಲದಂತೆ ಏರುಮಡಿಯಲ್ಲಿ ನೆಟ್ಟು, ಬಾಡಿದ ಹೂವನ್ನು ಗಿಡದಲ್ಲಿ ಬಿಡದೆ ಕೊಯ್ದರೆ ಬಹುಪಾಲು ತಪ್ಪುವುದು.

ಎಸಳು ಕಡಿಮೆಯಿರುವ ಬಿಡಿಹೂವಿನ ಸಣ್ಣ ಚೆಂಡನ್ನು ತರಕಾರಿ ತೋಟದ ಬದುವಿನಲ್ಲಿ ಬೆಳೆಸುವುದರಿಂದ ಬೇರೊಂದು ಲಾಭವುಂಟು. ಅದರ ಪರಾಗವು ಹೊರಗೆ ತೆರೆದಿರುವುದರಿಂದ, ಹೇನುಗಳನ್ನು ತಿನ್ನುವ ಉಪಕಾರಿ ನೊಣಗಳೂ ಸಣ್ಣ ಕಣಜಗಳೂ ಅಲ್ಲಿ ಬಂದು ಸೇರುವುವು. ದಟ್ಟ ಎಸಳಿನ ಹಾರದ ಹೂವಿನಲ್ಲಿ ಆ ಆಹಾರವು ಅವಕ್ಕೆ ಸಿಕ್ಕುವುದಿಲ್ಲ.

ವರ್ಷದ ಕ್ರಮ

ನೀರಿನ ಅನುಕೂಲವಿರುವ, ಬೇರುಗಂಟು ಕಂಡ ಟೊಮೇಟೊ ಹೊಲಕ್ಕೆ ನಾವು ಸೂಚಿಸುವ ಕ್ರಮವಿದು. ಜೂನ್ ಮಳೆಗೆ ಉತ್ತು ಎಕರೆಗೆ ಎಂಟು ಟನ್ ಕೊಟ್ಟಿಗೆ ಗೊಬ್ಬರ ಹಾಕುವುದು. ಜುಲೈ ತಿಂಗಳಲ್ಲಿ ರೋಗದ ತೇಪೆಗಳಲ್ಲಿ ಸಣ್ಣ ಚೆಂಡನ್ನು ಒತ್ತಾಗಿಯೂ, ಉಳಿದ ಭಾಗದಲ್ಲಿ ಹಬ್ಬಕ್ಕೆ ದೊಡ್ಡ ಚೆಂಡನ್ನೂ ಇಡುವುದು. ಈ ಉಳಿದ ಭಾಗದಲ್ಲಿ ಹೂವಿನ ಹಣವು ಬರುವುದರಿಂದ ಭೂಮಿ ಬರಿದಾಗಿ ಬಿದ್ದಂತಾಗುವುದಿಲ್ಲ. ಸೆಪ್ಟೆಂಬರ್ ಕೊನೆಯ ವಾರದಲ್ಲಿ ಬಲೆಸಾಲಿಗಾಗಿ ಚೆಂಡಿನ ಬೀಜ, ಅಕ್ಟೋಬರ್ ಎರಡನೆಯ ವಾರದಲ್ಲಿ ಟೊಮೇಟೊ ಬೀಜ ಒಟ್ಟಲಿಗೆ ಬೀಳಬೇಕು. ಒಟ್ಟಲು ರೋಗವಿಲ್ಲದ ಮಣ್ಣಿನಲ್ಲಿರಲಿ. ಅಕ್ಟೋಬರ್ ಕೊನೆಯೊಳಗೆ ಹೊಲದ ಗಿಡವನ್ನೆಲ್ಲ ಕೊಚ್ಚಿ ಉತ್ತು, ನವೆಂಬರ್ ಮೊದಲ ವಾರದಲ್ಲಿ ಹದಿನಾರು ಸಾಲಿಗೆ ಒಂದರಂತೆ ನಾಟಿ ಮಾಡುವುದು. ಹಬ್ಬವು ಅಕ್ಟೋಬರ್ ಮೂರನೆಯ ವಾರಕ್ಕೆ ಬಿದ್ದ ವರ್ಷಗಳಲ್ಲಿ ದೀಪಾವಳಿಯ ಹೂವಿನ ಆಸೆಗೆ ಗಿಡವನ್ನು ಉಳಿಸಿಕೊಳ್ಳುವವರು, ಎರಡು ಬೀಜಗಳನ್ನೂ ಅಷ್ಟೇ ದಿನ ಮುಂದಕ್ಕೆ ಹಾಕಿಕೊಳ್ಳತಕ್ಕದ್ದು; ನಡುವಣ ಹದಿನೈದು ದಿನದ ಅಂತರವನ್ನು ಮಾತ್ರ ಬದಲಿಸಕೂಡದು.